ಎಂಟು ಪದಕಗಳ ಆಚೆಗೆ: ಕ್ರಿಸ್ಟಿ ರಿಂಗ್ ಅವರ ಕ್ಲಬ್ ಮತ್ತು ಕೌಂಟಿ ಆಟದ ಮರುಪರಿಶೀಲನೆ

ಐರ್ಲೆಂಡಿನ ಹರ್ಲಿಂಗ್ ಚರಿತ್ರೆಯಲ್ಲಿ ಕ್ರಿಸ್ಟಿ ರಿಂಗ್ ಹೆಸರಿನ ಹಿಂದೆಯೇ ಬರುವ ಸಂಖ್ಯೆ ಎಂಟು. ಕಾರ್ಕ್ ಕೌಂಟಿಯ ಪರವಾಗಿ ಅವರು ಗೆದ್ದ ಅಖಿಲ ಐರ್ಲೆಂಡ್ ಪದಕಗಳು ಅಷ್ಟು. 1941ರಿಂದ 1944ರವರೆಗೆ ಸತತ ನಾಲ್ಕು, 1946ರಲ್ಲಿ ಒಂದು, 1952ರಿಂದ 1954ರವರೆಗೆ ಮತ್ತೆ ಮೂರು. ಟಿಪ್ಪೆರರಿಯ ಜಾನ್ ಡಾಯ್ಲ್ 1965ರಲ್ಲಿ ಇದನ್ನು ಸರಿಗಟ್ಟಿದರು. ಕಿಲ್ಕೆನ್ನಿಯ ಹೆನ್ರಿ ಶೆಫ್ಲಿನ್ 2014ರ ಹೊತ್ತಿಗೆ ಹತ್ತು ಪದಕ ಗಳಿಸಿದರು. ಪದಕವೊಂದೇ ಅಳತೆಗೋಲಾಗಿದ್ದರೆ ರಿಂಗ್ ಇಷ್ಟು ಹೊತ್ತಿಗೆ ಹಿಂದಿನ ಸಾಲಿಗೆ ಸರಿದಿರಬೇಕಿತ್ತು. ಹಾಗಾಗಿಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರ ಕೌಂಟಿ ದಾಖಲೆಯೊಂದರಲ್ಲೇ ಸಿಗುವುದಿಲ್ಲ. ಅವರ ಕ್ಲಬ್ ದಾಖಲೆಯನ್ನೂ ಪಕ್ಕದಲ್ಲಿಟ್ಟು ಓದಬೇಕು ಎಂಬುದು ಈ ಲೇಖನದ ವಾದ.

ಆಟದ ಸ್ವರೂಪವನ್ನು ಮೊದಲು ಚುಟುಕಾಗಿ ಹೇಳಬೇಕು. ತಂಡಕ್ಕೆ 15 ಮಂದಿ. ಕೈಯಲ್ಲಿ ಆಶ್ ಮರದ ಅಗಲ ತುದಿಯ ಕೋಲು, ಅದಕ್ಕೆ ಹರ್ಲಿ ಎಂದು ಹೆಸರು. ಚೆಂಡನ್ನು ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು, ಹರ್ಲಿಯ ತುದಿಯಲ್ಲಿ ನಿಲ್ಲಿಸಿಕೊಂಡು ಓಡಲೂಬಹುದು. ಗೋಲುಕಂಬಗಳ ನಡುವಿನ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗಿಂದ ಬಲೆಗೆ ಬಿದ್ದರೆ ಗೋಲು. ಒಂದು ಗೋಲಿಗೆ ಮೂರು ಅಂಕದ ಬೆಲೆ. 1-9 ಎಂದು ಬರೆದರೆ ಒಂದು ಗೋಲು, ಒಂಬತ್ತು ಅಂಕ, ಒಟ್ಟು 12 ಎಂದು ಓದಿಕೊಳ್ಳಬೇಕು.

ಆಟವನ್ನು ನಡೆಸುವುದು 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಆಟಗಾರರಿಗೆ ಸಂಬಳವಿಲ್ಲ. ಊರಿನ ಅಥವಾ ಬಡಾವಣೆಯ ಕ್ಲಬ್ಬಿನಲ್ಲಿ ಆಡಿದವರು ಕೌಂಟಿ ತಂಡಕ್ಕೆ ಆಯ್ಕೆಯಾಗುತ್ತಾರೆ. ರಿಂಗ್ ಅವರ ಕಾಲದಲ್ಲಿ ಕೌಂಟಿ ಮೊದಲು ಪ್ರಾಂತ್ಯವನ್ನು ಗೆದ್ದು ಆಮೇಲೆ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ಗೆ ಹೋಗಬೇಕಿತ್ತು. ಎಷ್ಟೇ ದೊಡ್ಡ ಹೆಸರು ಮಾಡಿದರೂ ಆಟಗಾರ ತನ್ನ ಕ್ಲಬ್ಬಿಗೆ ಮರಳಿ ಬಂದು, ನೆರೆಹೊರೆಯವರ ಕಣ್ಣೆದುರೇ ಆಡಬೇಕು. ರಿಂಗ್ ಅವರನ್ನು ಅರ್ಥಮಾಡಿಕೊಳ್ಳಲು ಈ ಏರ್ಪಾಟು ಮುಖ್ಯ.

ರಿಂಗ್ ಹುಟ್ಟಿದ್ದು 1920ರ ಅಕ್ಟೋಬರ್ 30ರಂದು, ಪೂರ್ವ ಕಾರ್ಕ್‌ನ ಕ್ಲೋಯ್ನ್ ಎಂಬ ಸಣ್ಣ ಊರಿನ ಬಳಿ. 1938ರಲ್ಲಿ ಕಾರ್ಕ್‌ನ ಕಿರಿಯರ ತಂಡದೊಂದಿಗೆ ಅಖಿಲ ಐರ್ಲೆಂಡ್ ಗೆದ್ದರು. ಮರುವರ್ಷ ಹಿರಿಯರ ತಂಡದಲ್ಲಿ ಲೀಗ್ ಪಂದ್ಯ ಆಡಿದರು. ಕ್ಲೋಯ್ನ್ ಆಗ ಕೌಂಟಿಯ ಹಿರಿಯ ದರ್ಜೆಯಲ್ಲಿ ಇರಲಿಲ್ಲ. 1941ರಲ್ಲಿ ರಿಂಗ್ ಕಾರ್ಕ್ ನಗರದ ಗ್ಲೆನ್ ರೋವರ್ಸ್ ಸೇರಿದರು. ನಗರದ ಉತ್ತರ ಭಾಗದ ಬ್ಲ್ಯಾಕ್‌ಪೂಲ್ ಈ ಕ್ಲಬ್ಬಿನ ನೆಲೆ. ಅದು ಚರ್ಮ ಹದಮಾಡುವ ಕಾರ್ಖಾನೆಗಳಿದ್ದ ದುಡಿಯುವವರ ಬಡಾವಣೆ. 1916ರಲ್ಲಿ ಹುಟ್ಟಿದ ಕ್ಲಬ್ 1934ರಿಂದ ಒಂದು ವರ್ಷವೂ ಕೌಂಟಿಯ ಕ್ಲಬ್‌ಗಳ ನಡುವಿನ ಪ್ರಶಸ್ತಿಯನ್ನು ಬಿಟ್ಟುಕೊಟ್ಟಿರಲಿಲ್ಲ. 1941ರಲ್ಲಿ ಗೆದ್ದದ್ದು ಸತತ ಎಂಟನೆಯದು, ರಿಂಗ್ ಪಾಲಿಗೆ ಅದು ಮೊದಲನೆಯದು. ಮುಂದೆ ದೇಶದ ಪ್ರಧಾನಿಯಾದ ಜ್ಯಾಕ್ ಲಿಂಚ್ ಅದೇ ತಂಡದಲ್ಲಿದ್ದರು.

ರಿಂಗ್ ಅವರ ಮೊದಲ ಅಖಿಲ ಐರ್ಲೆಂಡ್ ಪದಕವೂ ಅದೇ ವರ್ಷ ಬಂತು. ಅದು ಬಂದ ಬಗೆಯನ್ನು ನೋಡಿದರೆ ಪದಕದ ಲೆಕ್ಕ ಎಷ್ಟು ಸಡಿಲ ಎಂಬುದು ತಿಳಿಯುತ್ತದೆ. 1941ರಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಹರಡಿತ್ತು. ರೋಗವಿದ್ದ ಕಡೆಯಿಂದ ಜನರ ಓಡಾಟಕ್ಕೆ ತಡೆ ಬಿದ್ದು ಟಿಪ್ಪೆರರಿ ಆಡುವಂತಿರಲಿಲ್ಲ. ಮನ್ಸ್ಟರ್ ಪ್ರಾಂತ್ಯದ ಪ್ರತಿನಿಧಿಯಾಗಿ ಕಾರ್ಕ್ ಅನ್ನು ನೇರವಾಗಿ ಹೆಸರಿಸಲಾಯಿತು. ಕಾರ್ಕ್ ಡಬ್ಲಿನ್ ತಂಡವನ್ನು 5-11, 0-6ರಿಂದ ಸೋಲಿಸಿ ರಾಷ್ಟ್ರದ ಚಾಂಪಿಯನ್ ಆಯಿತು. ಆಮೇಲೆ, ತಡವಾಗಿ ನಡೆದ ಪ್ರಾಂತೀಯ ಫೈನಲ್ಲಿನಲ್ಲಿ ಟಿಪ್ಪೆರರಿಯ ಎದುರು ಸೋತಿತು! ಪ್ರಾಂತ್ಯದಲ್ಲಿ ಸೋತ ತಂಡವೇ ದೇಶದ ಪ್ರಶಸ್ತಿಯನ್ನು ಇಟ್ಟುಕೊಂಡಿತು. ರಿಂಗ್ ಅವರ ಎಂಟರಲ್ಲಿ ಮೊದಲನೆಯದು ಇದು. ಇದರಿಂದ ಆ ತಂಡದ ಯೋಗ್ಯತೆ ಕುಂದುವುದಿಲ್ಲ, ಮುಂದಿನ ಮೂರು ವರ್ಷವೂ ಅದೇ ಗೆದ್ದಿತು. ಆದರೆ ಪದಕದಲ್ಲಿ ಕಾಲದ ಪಾಲೂ ಇರುತ್ತದೆ ಎಂಬುದನ್ನು ಸಂಶೋಧಕರು ಮರೆಯುವಂತಿಲ್ಲ.

1944ರ ಮನ್ಸ್ಟರ್ ಫೈನಲ್ ಬೇರೆಯೇ ಕಥೆ. ಯುದ್ಧಕಾಲದ ಇಂಧನದ ಕೊರತೆಯಿಂದ ಜನ ಸೈಕಲ್ ತುಳಿದುಕೊಂಡು ಥರ್ಲ್ಸ್‌ಗೆ ಬಂದರು. ಅದು ಇಂದಿಗೂ ಸೈಕಲ್ ಫೈನಲ್ ಎಂದೇ ಪ್ರಸಿದ್ಧ. ಆಟಗಾರ ಮಿಕ್ ಮ್ಯಾಕಿ ಇದ್ದ ಲಿಮರಿಕ್ ಎದುರು ಮೊದಲ ಪಂದ್ಯ ಸಮವಾಯಿತು. ಮರುಪಂದ್ಯವೂ ಕೊನೆಯ ಗಳಿಗೆಯವರೆಗೆ ಸಮವಾಗಿಯೇ ಸಾಗಿತ್ತು. ಆಗ ರಿಂಗ್ ಚೆಂಡನ್ನು ಒಯ್ದು, ದೂರದಿಂದಲೇ ಹೊಡೆದು ಬಲೆ ಸೇರಿಸಿದರು. ಕಾರ್ಕ್ 4-6, ಲಿಮರಿಕ್ 3-6. ಎರಡು ವರ್ಷಗಳ ನಂತರ ನಾಯಕನಾಗಿ, ಕಿಲ್ಕೆನ್ನಿಯ ಎದುರಿನ ಅಖಿಲ ಐರ್ಲೆಂಡ್ ಫೈನಲ್ಲಿನಲ್ಲಿ, ಮೈದಾನದ ನಡುವಿನಿಂದ ಚೆಂಡನ್ನು ಹರ್ಲಿಯ ಮೇಲಿಟ್ಟುಕೊಂಡು ರಕ್ಷಕರ ಸಾಲನ್ನು ಸೀಳಿ ಓಡಿ ಗೋಲು ಹೊಡೆದರು. ಒಬ್ಬ ಆಟಗಾರ ಪಂದ್ಯದ ದಿಕ್ಕನ್ನು ತಾನೇ ಬದಲಿಸಬಲ್ಲ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡದ್ದು ಈ ಎರಡು ಗೋಲುಗಳಿಂದ.

1947ರ ಫೈನಲ್ಲಿನಲ್ಲಿ ಕಾರ್ಕ್ ಒಂದೇ ಅಂಕದಿಂದ ಕಿಲ್ಕೆನ್ನಿಗೆ ಸೋತಿತು. 1949ರಿಂದ 1951ರವರೆಗೆ ಮೂರು ವರ್ಷವೂ ಟಿಪ್ಪೆರರಿ ದಾರಿಗೆ ಅಡ್ಡ ಬಂತು. ಕೌಂಟಿಗೆ ದೊಡ್ಡ ಪ್ರಶಸ್ತಿಯಿಲ್ಲದ ಈ ಕಾಲದಲ್ಲೇ ಗ್ಲೆನ್ ರೋವರ್ಸ್ 1948, 1949 ಮತ್ತು 1950ರಲ್ಲಿ ಕಾರ್ಕ್ ಚಾಂಪಿಯನ್ ಆಯಿತು. ಕೌಂಟಿಯ ಕೋಷ್ಟಕವನ್ನಷ್ಟೇ ನೋಡುವವರಿಗೆ ಖಾಲಿಯಾಗಿ ಕಾಣುವ ವರ್ಷಗಳಿವು. ಕ್ಲಬ್ಬಿನ ಪುಟ ತಿರುಗಿಸಿದರೆ ರಿಂಗ್ ಎಂದಿನಂತೆ ಆಡುತ್ತಲೇ ಇದ್ದಾರೆ.

1952ರಿಂದ ಮತ್ತೆ ಮೂರು ಪ್ರಶಸ್ತಿಗಳು ಸಾಲಾಗಿ ಬಂದವು. 1953ರ ಗೆಲುವಿನಲ್ಲಿ ಒಂದು ಕಹಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ರಿಂಗ್ ಅವರನ್ನು ಕಾಯುತ್ತಿದ್ದ ಗಾಲ್ವೇ ನಾಯಕ ಮಿಕ್ ಬರ್ಕ್ ಗಾಯಗೊಂಡರು. ಅದರಿಂದ ಎದ್ದ ಜಗಳ ಮೈದಾನದ ಹೊರಗೂ ಹಬ್ಬಿ, ಎರಡು ಕೌಂಟಿಗಳ ನಡುವೆ ಬಹುಕಾಲ ಉಳಿಯಿತು. 1954ರ ಸೆಪ್ಟೆಂಬರ್ 5ರಂದು ವೆಕ್ಸ್‌ಫರ್ಡ್ ಎದುರಿನ ಫೈನಲ್ ನೋಡಲು 84,856 ಮಂದಿ ಸೇರಿದ್ದರು. ಹರ್ಲಿಂಗ್ ಪಂದ್ಯಕ್ಕೆ ಅಷ್ಟು ಜನ ಮತ್ತೆಂದೂ ಸೇರಿಲ್ಲ. ಕಾರ್ಕ್ 1-9, 1-6ರಿಂದ ಗೆದ್ದಿತು, ನಾಯಕ ರಿಂಗ್. ನಾಯಕನಾಗಿ ಅವರು ಗೆದ್ದ ಮೂರನೆಯ ಅಖಿಲ ಐರ್ಲೆಂಡ್ ಇದು. ಅದೇ ವರ್ಷ ಗ್ಲೆನ್ ರೋವರ್ಸ್‌ನ ಸೋದರ ಕ್ಲಬ್ ಸೇಂಟ್ ನಿಕೊಲಸ್ ಪರವಾಗಿ ಕೌಂಟಿಯ ಗೇಲಿಕ್ ಫುಟ್‌ಬಾಲ್ ಪದಕವನ್ನೂ ಪಡೆದರು.

ಪದಕದ ಲೆಕ್ಕ ಎಂಟಕ್ಕೆ ನಿಲ್ಲುವುದು ಇಲ್ಲಿ. ಆಗ ರಿಂಗ್ ಅವರಿಗೆ 33 ವರ್ಷ. ಆಟ ಮಾತ್ರ ನಿಲ್ಲಲಿಲ್ಲ. 1956ರ ಮನ್ಸ್ಟರ್ ಫೈನಲ್ಲಿನಲ್ಲಿ ಲಿಮರಿಕ್ ಗೆಲ್ಲುವ ಹಾದಿಯಲ್ಲಿದ್ದಾಗ, ಕೊನೆಯ ಹಂತದಲ್ಲಿ ಕೆಲವೇ ನಿಮಿಷಗಳೊಳಗೆ ಮೂರು ಗೋಲು ಹೊಡೆದು ಪಂದ್ಯವನ್ನು ಕಿತ್ತುಕೊಂಡರು. ಆ ವರ್ಷ ಕಾರ್ಕ್‌ನಲ್ಲಿ ಪೋಲಿಯೊ ಹರಡಿದ್ದರಿಂದ ಅಖಿಲ ಐರ್ಲೆಂಡ್ ಫೈನಲ್ ಸೆಪ್ಟೆಂಬರ್ 23ಕ್ಕೆ ಮುಂದೂಡಲ್ಪಟ್ಟಿತು. ಎದುರಾಳಿ ಮತ್ತೆ ವೆಕ್ಸ್‌ಫರ್ಡ್. ಪಂದ್ಯದ ಕೊನೆಯ ಭಾಗದಲ್ಲಿ ರಿಂಗ್ ಬಿರುಸಾಗಿ ಹೊಡೆದ ಚೆಂಡನ್ನು ಗೋಲಿ ಆರ್ಟ್ ಫೋಲಿ ತಡೆದರು. ಅದು ಒಳಗೆ ಹೋಗಿದ್ದರೆ ಒಂಬತ್ತನೆಯ ಪದಕ ಕೈಗೆಟುಕುತ್ತಿತ್ತು. ತುಸು ಹೊತ್ತಿನಲ್ಲೇ ಆಚೆ ತುದಿಯಲ್ಲಿ ನಿಕಿ ರ್‍ಯಾಕರ್ಡ್ ಗೋಲು ಹೊಡೆದು ವೆಕ್ಸ್‌ಫರ್ಡ್‌ನ ಗೆಲುವನ್ನು ಖಚಿತಪಡಿಸಿದರು. ಪಂದ್ಯ ಮುಗಿದಾಗ ವೆಕ್ಸ್‌ಫರ್ಡ್‌ನ ನಿಕ್ ಓಡೊನೆಲ್ ಮತ್ತು ಬಾಬಿ ರ್‍ಯಾಕರ್ಡ್ ತಾವು ಆಗಷ್ಟೇ ಸೋಲಿಸಿದ್ದ ರಿಂಗ್ ಅವರನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ಹೊರಗೆ ಒಯ್ದರು. ಸೋತವನನ್ನು ಗೆದ್ದವರು ಹೊತ್ತು ನಡೆಯುವುದು ಯಾವ ಆಟದಲ್ಲೂ ಅಪರೂಪ. ರಿಂಗ್ ಅವರ ಸ್ಥಾನವೇನು ಎಂಬುದಕ್ಕೆ ಎಂಟೂ ಪದಕಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಇದು.

ರಿಂಗ್ ಕೌಂಟಿ ತಂಡದಲ್ಲಿ ಆಡಿದ ಕಾಲದಲ್ಲಿ ಕಾರ್ಕ್ ಮತ್ತೆ ರಾಷ್ಟ್ರದ ಪ್ರಶಸ್ತಿ ಗೆಲ್ಲಲಿಲ್ಲ. ಆದರೂ 1959ರಲ್ಲಿ ವರ್ಷದ ಹರ್ಲರ್ ಎಂಬ ಗೌರವ ಅವರಿಗೇ ಸಂದಿತು. ಗ್ಲೆನ್ ರೋವರ್ಸ್ 1958, 1959, 1960ರಲ್ಲಿ ಸಾಲಾಗಿ ಗೆದ್ದಿತು, ಆಮೇಲೆ 1962ರಲ್ಲಿ, 1964ರಲ್ಲಿ. ಪ್ರಾಂತ್ಯಗಳ ನಡುವಿನ ರೈಲ್ವೆ ಕಪ್‌ನಲ್ಲಿ ಮನ್ಸ್ಟರ್ ಪರವಾಗಿ ಅವರಿಗೆ ಬಂದ ಪದಕಗಳು 18: ಮೊದಲನೆಯದು 1942ರಲ್ಲಿ, ಕೊನೆಯದು 1963ರಲ್ಲಿ, 42ರ ವಯಸ್ಸಿನಲ್ಲಿ. ಈ ದಾಖಲೆಯ ಹತ್ತಿರಕ್ಕೆ ಯಾರೂ ಸುಳಿದಿಲ್ಲ. ಕಾರ್ಕ್ ಪರವಾಗಿ ಆಡಿದ ಚಾಂಪಿಯನ್‌ಶಿಪ್ ಪಂದ್ಯಗಳಲ್ಲಿ ಅವರ ಒಟ್ಟು ಗಳಿಕೆ 33 ಗೋಲು, 208 ಅಂಕ.

ಇಷ್ಟೆಲ್ಲ ಆಡಿದ್ದು ಲಾರಿ ಓಡಿಸುವ ಕೆಲಸ ಮಾಡಿಕೊಂಡು. ಮೊದಲು ಸಾರಿಗೆ ಸಂಸ್ಥೆಯಲ್ಲಿ, ಆಮೇಲೆ ಶೆಲ್ ಕಂಪನಿಯ ತೈಲದ ಲಾರಿಯಲ್ಲಿ ಅವರು ದುಡಿದರು. ಕ್ರೋಕ್ ಪಾರ್ಕ್‌ನಲ್ಲಿ 80 ಸಾವಿರ ಜನರೆದುರು ಆಡಿದವರು ವಾರದ ದಿನಗಳಲ್ಲಿ ಕಾರ್ಕ್‌ನ ರಸ್ತೆಗಳಲ್ಲಿ ತೈಲ ಸಾಗಿಸುತ್ತಿದ್ದರು, ಸಂಜೆಗೆ ಗ್ಲೆನ್ ಮೈದಾನಕ್ಕೆ ಬರುತ್ತಿದ್ದರು. ಆಟದಿಂದ ಹಣ ಬಾರದ ವ್ಯವಸ್ಥೆಯಲ್ಲಿ ಕೌಂಟಿ ಸೋತ ವರ್ಷವೂ ಆಟಗಾರನನ್ನು ಹಿಡಿದು ನಿಲ್ಲಿಸಿದ್ದು ಕ್ಲಬ್ಬೇ. 40 ದಾಟಿದ ಮೇಲೂ ಕೌಂಟಿ ತಂಡದಲ್ಲಿ ನಿಲ್ಲಬಲ್ಲ ಕಸುವನ್ನು ಅವರು ಉಳಿಸಿಕೊಂಡದ್ದು ಅಲ್ಲಿಯೇ. ಆಗಾಗ ಬರುವ ಕೌಂಟಿ ಪಂದ್ಯಗಳಷ್ಟರಿಂದ ಅದು ಆಗುವ ಮಾತಾಗಿರಲಿಲ್ಲ. ಗ್ಲೆನ್ ಜತೆಗಿನ ಅವರ ಆಟ 1967ರವರೆಗೂ ಸಾಗಿತು, ಅಲ್ಲಿ ಸಂದ ಕೌಂಟಿ ಪದಕಗಳು 14.

ಆಮೇಲೆ ರಿಂಗ್ ಕಾರ್ಕ್ ತಂಡದ ಆಯ್ಕೆಗಾರರಲ್ಲಿ ಒಬ್ಬರಾದರು. 1976, 1977, 1978ರಲ್ಲಿ ಕಾರ್ಕ್ ಸತತ ಮೂರು ಬಾರಿ ಅಖಿಲ ಐರ್ಲೆಂಡ್ ಗೆದ್ದಿತು. 1979ರ ಮಾರ್ಚ್ 2ರಂದು ಕಾರ್ಕ್ ನಗರದಲ್ಲಿ ಕುಸಿದು ಬಿದ್ದು ತೀರಿಕೊಂಡಾಗ ಅವರಿಗೆ 58 ವರ್ಷ. ಕ್ಲೋಯ್ನ್‌ನ ಸಮಾಧಿಯ ಬಳಿ ಅಂತಿಮ ನುಡಿಗಳನ್ನಾಡಿದವರು ಅಂದಿನ ಪ್ರಧಾನಿ, ಗ್ಲೆನ್ ರೋವರ್ಸ್‌ನ ಹಳೆಯ ಜೊತೆಗಾರ ಜ್ಯಾಕ್ ಲಿಂಚ್.