ಕರಗದ ಬೊಜ್ಜು

ದಿನವೂ ವ್ಯಾಯಾಮ, ಹಿತಮಿತ ಊಟ ಎರಡೂ ಇದ್ದರೂ ಹೊಟ್ಟೆ, ಸೊಂಟ, ತೊಡೆಗಳಲ್ಲಿ ಉಳಿದುಬಿಡುವ ಕೊಬ್ಬು. ಇದರ ಬಹುಪಾಲು ಚರ್ಮದಡಿಯದು. ಕೊಬ್ಬಿನ ಕೋಶಗಳಲ್ಲಿ ಅಡ್ರಿನಲಿನ್‌ಗೆ ಸ್ಪಂದಿಸುವ ಎರಡು ಬಗೆಯ ಗ್ರಾಹಕಗಳಿವೆ: ಬೀಟಾ ಗ್ರಾಹಕಗಳು ಕೊಬ್ಬು ಬಿಡುಗಡೆಯಾಗಲು ನೆರವಾಗುತ್ತವೆ, ಆಲ್ಫಾ-2 ಗ್ರಾಹಕಗಳು ತಡೆಯುತ್ತವೆ. ಹೆಂಗಸರ ಸೊಂಟ, ತೊಡೆಗಳಲ್ಲಿ ಎರಡನೆಯವೇ ಹೆಚ್ಚು. ಹೊಟ್ಟೆಯ ವ್ಯಾಯಾಮದಿಂದ ಅಲ್ಲಿನ ಸ್ನಾಯು ಗಟ್ಟಿಯಾಗುತ್ತದೆಯೇ ಹೊರತು ನಿರ್ದಿಷ್ಟವಾಗಿ ಅಲ್ಲಿನ ಕೊಬ್ಬೇ ಕರಗುವುದಿಲ್ಲ.

ತೂಕ ಇಳಿದಂತೆ ದೇಹ ತನ್ನ ಖರ್ಚನ್ನೂ ತಗ್ಗಿಸುತ್ತದೆ; ಮೊದಲು ಫಲ ಕೊಟ್ಟ ಅದೇ ನಡಿಗೆ, ಅದೇ ಊಟ ಆಮೇಲೆ ಸಾಲದು. ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆದವರಿಗೆ ಖರ್ಚಾಗುವುದು ಸುಮಾರು 150 ಕಿಲೊಕ್ಯಾಲರಿ. ಎರಡು ಬಿಸಿ ಮಿರ್ಚಿ ಇಟ್ಟುಕೊಟ್ಟ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ ಅದನ್ನು ಸುಲಭವಾಗಿ ಮೀರುತ್ತದೆ. ತುಂಗಭದ್ರಾ ಕಾಲುವೆಯಿಂದ ಭತ್ತದ ಸೀಮೆಯಾದ ಅದೇ ಜಿಲ್ಲೆಯ ಸಿರುಗುಪ್ಪದ ಕಡೆ ಜೋಳದ ರೊಟ್ಟಿಯ ಜೊತೆ ಅನ್ನದ ಪ್ರಮಾಣವನ್ನೂ ನೋಡಿಕೊಳ್ಳಬೇಕು.

ತಕ್ಕಡಿಗಿಂತ ಅಳತೆಯ ಟೇಪು ನಂಬಿಕಸ್ಥ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು. ಐಸಿಎಂಆರ್‌ನ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. ಅಂಗಾಂಗಗಳ ಸುತ್ತಲಿನ ಒಳಕೊಬ್ಬೇ ಹೆಚ್ಚು ಅಪಾಯಕಾರಿ. ಸಮಾಧಾನದ ಸಂಗತಿಯೆಂದರೆ ವ್ಯಾಯಾಮಕ್ಕೆ ಅದು ಬೇಗ ಮಣಿಯುತ್ತದೆ.

ಏನು ಮಾಡಿದರೂ ಜಗ್ಗದಿದ್ದರೆ ತಮ್ಮನ್ನೇ ಹಳಿದುಕೊಳ್ಳಬಾರದು. ಥೈರಾಯ್ಡ್ ಕೊರತೆ, ಪಿಸಿಒಡಿ, ಮುಟ್ಟು ನಿಲ್ಲುವ ವಯಸ್ಸು, ಸ್ಟೀರಾಯ್ಡ್ ಮಾತ್ರೆ, ನಿದ್ದೆಗೇಡು ಇವುಗಳಲ್ಲಿ ಯಾವುದಾದರೂ ಕಾರಣವೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಬಳ್ಳಾರಿಯವರಿಗಾದರೆ 1961ರಲ್ಲಿ ಆರಂಭವಾಗಿ ಮುಂದೆ ವಿಮ್ಸ್ ಎಂದು ಹೆಸರಾದ ವೈದ್ಯಕೀಯ ಕಾಲೇಜು ಕಂಟೋನ್ಮೆಂಟ್‌ನಲ್ಲೇ ಇದೆ. ಇನ್ನು ಕೊಬ್ಬು ಹೀರುವ ಶಸ್ತ್ರಚಿಕಿತ್ಸೆಯಾದ ಲಿಪೊಸಕ್ಷನ್ ಚರ್ಮದಡಿಯ ಕೊಬ್ಬನ್ನಷ್ಟೇ ತೆಗೆಯುತ್ತದೆ, ಒಳಕೊಬ್ಬನ್ನು ಮುಟ್ಟುವುದಿಲ್ಲ.