ವರ್ಣತಂತು

ವರ್ಣ ಎಂದರೆ ಬಣ್ಣ, ತಂತು ಎಂದರೆ ಎಳೆ. ಡಿಎನ್‌ಎ ಮತ್ತು ಪ್ರೋಟೀನ್ ಸೇರಿ ಆದ ಈ ಎಳೆಗೆ ಮಾತ್ರ ಸ್ವಂತ ಬಣ್ಣವೇ ಇಲ್ಲ! 19ನೆಯ ಶತಮಾನದಲ್ಲಿ ಬಟ್ಟೆಗೆಂದು ತಯಾರಾದ ಕೃತಕ ಬಣ್ಣಗಳನ್ನು ವಿಜ್ಞಾನಿಗಳು ಜೀವಕೋಶಕ್ಕೂ ಹಾಕಿ ನೋಡಿದರು. ಸೂಕ್ಷ್ಮದರ್ಶಕದ ಕೆಳಗೆ, ಒಡೆದು ಎರಡಾಗುತ್ತಿದ್ದ ಕೋಶದ ನಡುವೆ, ಬಣ್ಣ ಹೀರಿಕೊಂಡ ಎಳೆಗಳು ಎದ್ದು ಕಂಡವು. ಇದನ್ನೇ ಹಿಡಿದು ಜರ್ಮನಿಯ ವಾಲ್ಡೆಯರ್ 1888ರಲ್ಲಿ ಗ್ರೀಕಿನ ‘ಕ್ರೋಮ’ (ಬಣ್ಣ), ‘ಸೋಮ’ (ದೇಹ) ಕೂಡಿಸಿ ‘ಕ್ರೋಮೋಸೋಮ್’ ಎಂದು ಹೆಸರಿಟ್ಟರು. ಕನ್ನಡ ದೇಹವನ್ನು ಬಿಟ್ಟು ತಂತುವನ್ನು ಹಿಡಿಯಿತು. ಕಣ್ಣಿಗೆ ಕಾಣುವ ರೂಪಕ್ಕೆ ಮೂಲಕ್ಕಿಂತ ಇದೇ ಹತ್ತಿರ. ಹಿಂದಿ, ಮರಾಠಿಯವರು ಬಣ್ಣವನ್ನೂ ಕೈಬಿಟ್ಟು ‘ಗುಣಸೂತ್ರ’ ಎನ್ನುತ್ತಾರೆ.

ರಾಗಿಯ ಕೋಶದಲ್ಲಿ 36 ವರ್ಣತಂತುಗಳಿವೆ, ಮನುಷ್ಯನಲ್ಲಿ 46. ನಮ್ಮಲ್ಲಿರುವುದು 48 ಎಂದೇ ದಶಕಗಳ ಕಾಲ ಪಠ್ಯಗಳು ಹೇಳುತ್ತಿದ್ದವು. ಲೆಕ್ಕ ಸರಿಹೋದದ್ದು 1956ರಲ್ಲಿ, ಸ್ವೀಡನ್ನಿನಲ್ಲಿ.

ಬಳಕೆಯಲ್ಲೊಂದು ಎಚ್ಚರ: ‘ವಂಶವಾಹಿ’ ಬೇರೆ, ‘ವರ್ಣತಂತು’ ಬೇರೆ. ಬರಹಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬಳಸುವುದುಂಟು, ಅದು ತಪ್ಪು. ವಂಶವಾಹಿ ಎಂದರೆ ಜೀನ್. ವರ್ಣತಂತುವಿನ ಒಂದು ತುಣುಕು. ಮನುಷ್ಯನ ಮೊದಲನೆಯ ವರ್ಣತಂತುವೊಂದರಲ್ಲೇ ಪ್ರೋಟೀನ್ ತಯಾರಿಗೆ ಬೇಕಾದ ವಂಶವಾಹಿಗಳು ಸುಮಾರು 2,000 ಇವೆ.