ಕಲ್ಲಾದ ವಾಸುಕಿ

ಗುಜರಾತಿನ ಕಚ್ಛ್ ಪ್ರಾಂತದ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ 2005ರಲ್ಲಿ ದೊರೆತ ಪಳೆಯುಳಿಕೆಗಳನ್ನು ಮೊದಲು ಮೊಸಳೆಯ ಮೂಳೆಗಳೆಂದೇ ಭಾವಿಸಲಾಗಿತ್ತು. ಅಷ್ಟು ದಪ್ಪನೆಯ ಬೆನ್ನುಮೂಳೆ ಹಾವಿನದಿರಬಹುದೆಂದು ಯಾರು ತಾನೆ ಎಣಿಸಿಯಾರು! ಹಲವು ವರ್ಷ ಅವು ಪ್ರಯೋಗಾಲಯದಲ್ಲಿ ಹಾಗೆಯೇ ಉಳಿದವು. ರೂರ್ಕಿ ಐಐಟಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ ಅವರು ಅವುಗಳನ್ನು ಮತ್ತೆ ಕೈಗೆತ್ತಿಕೊಂಡರು. 27 ಬೆನ್ನುಮೂಳೆಗಳನ್ನು ಪರಿಶೀಲಿಸಿ, 2024ರ ಏಪ್ರಿಲ್‌ನಲ್ಲಿ ‘ವಾಸುಕಿ ಇಂಡಿಕಸ್’ ಎಂದು ನಾಮಕರಣ ಮಾಡಿದರು.

ಇದರ ಕಾಲ ಸುಮಾರು 4.7 ಕೋಟಿ ವರ್ಷಗಳ ಹಿಂದಿನದು. ಉದ್ದ 11ರಿಂದ 15 ಮೀಟರ್ ಎಂದು ಅಂದಾಜು. ಅಂದಾಜು ಎಂಬ ಮಾತನ್ನು ಒತ್ತಿ ಹೇಳಬೇಕು. ತಲೆಬುರುಡೆ ಸಿಕ್ಕಿಲ್ಲ, ಮೂಳೆಯ ಅಗಲವನ್ನು ಇಂದಿನ ಹಾವುಗಳೊಡನೆ ಹೋಲಿಸಿ ತೆಗೆದ ಲೆಕ್ಕವಿದು. ಆದ್ದರಿಂದ ಕೊಲಂಬಿಯಾದ ದೈತ್ಯಸರ್ಪ ಟೈಟನೊಬೊವಾವನ್ನು ನಮ್ಮ ವಾಸುಕಿ ಸೋಲಿಸಿತೆಂಬ ಸಂಭ್ರಮ ನನಗೆ ಅವಸರದ್ದೆನಿಸಿತು.

ಹೆಸರು ಮಾತ್ರ ಬಹಳ ಹಿಡಿಸಿತು. ಶಿವನ ಕೊರಳ ನಾಗನ ಹೆಸರಿದು. ಸಮುದ್ರಮಥನದಲ್ಲಿ ಹಗ್ಗವಾದವನೂ ಅವನೇ. ಈಗ ಅಳಿದುಹೋಗಿರುವ ಇದೇ ಸರ್ಪವಂಶಕ್ಕೆ ಸೇರಿದ, ಆಸ್ಟ್ರೇಲಿಯಾದಲ್ಲಿ ಬಾಳಿದ್ದ ಇನ್ನೊಂದು ಹಾವಿಗೆ 1976ರಲ್ಲಿ ‘ವೊನಾಂಬಿ’ ಎಂದು ಹೆಸರಿಟ್ಟರು. ಅದೂ ಅಲ್ಲಿನ ಮೂಲನಿವಾಸಿಗಳ ಪುರಾಣದ ಮಹಾಸರ್ಪವೇ.